ಅಜ್ಜನ ಮೈಕ್ ಮಷಿನ್ನು ಮತ್ತು ಒಣಗಿದ ಕಂಡೆನ್ಸರ್

ಬನಶಂಕರಿ ಜಾತ್ರೆಗೆ ಹೋದವರಿಗೆ ಆ ಗದ್ದಲ ಗೊತ್ತು. ಬಾದಾಮಿ ದಾಟಿ ಚೊಳಚಗುಡ್ಡದ ಹಾದಿ ಹಿಡಿದರೆ ಸಾಕು, ತೇರು ಕಾಣುವ ಮೊದಲೇ ನಾಟಕ ಕಂಪನಿಗಳ ಮೈಕು ಕೇಳಿಸುತ್ತದೆ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ಅಲ್ಲಿ ನಾಟಕದ ಟೆಂಟುಗಳು ನಿಂತಿರುತ್ತವೆ. ನನ್ನಜ್ಜ ಒಂದು ಕಾಲದಲ್ಲಿ ಹುನಗುಂದದಿಂದ ಆ ಜಾತ್ರೆಗೆ ಮೈಕ್ ಸೆಟ್ ಒಯ್ಯುತ್ತಿದ್ದ. ಎರಡು ಭೋಂಗಾ, ಒಂದು ಮೈಕು, ಸುರುಳಿ ಸುತ್ತಿದ ವೈರು, ಜೊತೆಗೆ ಅವನು ‘ಮಷಿನ್ನು’ ಎಂದೇ ಕರೆಯುವ ಆಂಪ್ಲಿಫೈಯರ್. 1986ರಲ್ಲಿ ಹುಬ್ಬಳ್ಳಿಯಿಂದ ತಂದದ್ದು. ಮದುವೆ, ಬಯಲಾಟ, ಪಾರಿಜಾತ, ಚುನಾವಣೆ, ಆಲಮಟ್ಟಿ ಹಿನ್ನೀರಿಗೆ ಊರು ಬಿಡಬೇಕಾದವರ ಸಭೆ, ಎಲ್ಲಕ್ಕೂ ಅದೇ ಪೆಟ್ಟಿಗೆ.

ಕಾಲ ಕಳೆದಂತೆ ಭೋಂಗಾ ಮಾರಿದ್ದಾಯಿತು, ಬಾಡಿಗೆ ವ್ಯಾಪಾರ ನಿಂತಿತು. ಮಷಿನ್ನು ಮಾತ್ರ ಒಂದು ಸ್ಪೀಕರಿನ ಜೊತೆ ನಮ್ಮ ಓಣಿಯ ಭಜನಾ ಮಂಡಳಿಗೆ ದುಡಿಯುತ್ತಿತ್ತು. ಎರಡು ವರ್ಷದ ಹಿಂದೆ ಅದು ‘ಗುಂಯ್’ ಅನ್ನತೊಡಗಿತು. ಮೊದಮೊದಲು ಹಾರ್ಮೋನಿಯಂ ಜೋಡಿ ಅದೂ ಶ್ರುತಿ ಹಿಡಿದೈತಿ ಎಂದು ಎಲ್ಲರೂ ನಕ್ಕರು. ಆಮೇಲೆ ಗುಂಯ್‌ಗುಟ್ಟುವುದು ಜೋರಾಯಿತು. ಹಾಡುವವರು ದನಿ ಏರಿಸಿದರೆ ಸ್ವರ ಹರಿದು ಬರತೊಡಗಿತು. ಹೋದ ವರ್ಷ ಶ್ರಾವಣದಲ್ಲಿ ಮಂಡಳಿಯ ಹಿರಿಯರೊಬ್ಬರು ಮೆತ್ತಗೆ ಹೇಳಿದರಂತೆ: “ಯಜಮಾನ್ರ, ಈ ಸಲ ಮಷಿನ್ ತರೂದು ಬ್ಯಾಡ್ರಿ. ಹುಡುಗ್ರು ಡಿಜೆ ಬಾಕ್ಸ್ ಬಾಡಿಗಿ ತರ್ತಾರಂತ.” ಅಜ್ಜ ಏನೂ ಅನ್ನಲಿಲ್ಲ. ಮಷಿನ್ನನ್ನು ಮನೆಗೆ ತಂದು, ಅಮ್ಮನ ಹಳೆ ಇಳಕಲ್ ಸೀರೆಯ ತುಂಡು ಹೊದಿಸಿ, ಹೊರಸಿನ ಕೆಳಗೆ ತಳ್ಳಿದ. ಅವತ್ತಿನಿಂದ ಭಜನೆಗೆ ಹೋಗುವುದನ್ನೂ ಬಿಟ್ಟ.

ಈ ಬೇಸಿಗೆ ರಜೆಗೆ ನಾನು ಊರಿಗೆ ಹೋದಾಗ ಆ ಪೆಟ್ಟಿಗೆ ಮೋಡ್ಕಾದವನ ಕೈಗೆ ಹೋಗುವುದರಲ್ಲಿತ್ತು. ಒಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವುದರಿಂದ ತಾಮ್ರದ ಬೆಲೆಯಾದರೂ ಬರುತ್ತದೆ ಎಂಬುದು ಮನೆಯವರ ಲೆಕ್ಕ. ಬಾಗಲಕೋಟೆಯಲ್ಲಿ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಬಿ.ಇ. ಓದುತ್ತಿರುವ ಮೊಮ್ಮಗ ಮನೆಯಲ್ಲಿರುವಾಗ ಹೀಗಾಗಬಾರದು ಎಂದು ನನಗೆ ಅನ್ನಿಸಿತು. “ನಾ ನೋಡ್ತೀನಿ ಅಜ್ಜಾ” ಅಂದೆ. “ಬಿಡೋ ತಮ್ಮಾ, ಅದಕ್ಕೂ ನನಗೂ ವಯಸ್ಸಾತು” ಅಂದ.

ಸೂತ್ರ ಗೊತ್ತಿತ್ತು, ಪೆಟ್ಟಿಗೆ ಗೊತ್ತಿರಲಿಲ್ಲ

ಮುಚ್ಚಳ ಬಿಚ್ಚಿದೆ. ಧೂಳು, ಜೇಡರ ಬಲೆ, ಒಂದು ಸತ್ತ ಹಲ್ಲಿ. ಅದರಡಿ ದೊಡ್ಡ ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡು, ಹಿಂದಿನ ಅಲ್ಯೂಮಿನಿಯಂ ಹೀಟ್‌ಸಿಂಕಿಗೆ ಕಚ್ಚಿಕೊಂಡ ಎರಡು 2ಎನ್3055 ಟ್ರಾನ್ಸಿಸ್ಟರು, ನಡುವೆ ಪಟ್ಟಿ ಬಿಗಿದು ನಿಲ್ಲಿಸಿದ ಒಂದು ನೀಲಿ ಡಬ್ಬಿ. ಅದರ ಮೇಲೆ ‘4700 ಮೈಕ್ರೋಫ್ಯಾರಡ್, 63 ವೋಲ್ಟ್, 85 ಡಿಗ್ರಿ’ ಎಂದು ಬರೆದಿತ್ತು. ಮುಚ್ಚಳದ ಒಳಮೈಯಲ್ಲಿ ಪೆನ್ಸಿಲಿನಲ್ಲಿ ಗೀಚಿದ ತಾರೀಖುಗಳು. 1991, 1998, 2007. ರಿಪೇರಿ ಮಾಡಿದವರು ಬರೆದಿಟ್ಟದ್ದು.

ಮೂರನೇ ಸೆಮಿಸ್ಟರಿನಲ್ಲಿ ‘ಫಿಲ್ಟರ್ ಕೆಪಾಸಿಟರಿನ ಪಾತ್ರ ವಿವರಿಸಿ’ ಎಂಬ ಪ್ರಶ್ನೆಗೆ ನಾನು ಪುಟಗಟ್ಟಲೆ ಬರೆದಿದ್ದೆ. ಅಲೆಯ ಚಿತ್ರವನ್ನು ಸ್ಕೇಲ್ ಹಿಡಿದು ಬಿಡಿಸಿದ್ದೆ. ಆದರೆ ಆ ನೀಲಿ ಡಬ್ಬಿಯ ಮುಂದೆ ಕುಳಿತಾಗ ಅದು ಕೆಟ್ಟಿದೆಯೋ ಇಲ್ಲವೋ ಎಂದು ಹೇಳಲಾಗಲಿಲ್ಲ. ಅದು ಉಬ್ಬಿರಲಿಲ್ಲ, ಸೋರಿರಲಿಲ್ಲ, ಹೊಸದರಂತೆಯೇ ಇತ್ತು. ಕೊನೆಗೆ ಮಷಿನ್ನನ್ನು ಗೋಣಿಚೀಲದಲ್ಲಿ ಸುತ್ತಿ ಇಳಕಲ್ ಬಸ್ಸು ಹತ್ತಿದೆ. ಅಲ್ಲಿ ಅಜ್ಜನ ಹಳೆಯ ಪರಿಚಯದ ರೇಡಿಯೋ ರಿಪೇರಿ ಕಾಕಾ ಇದ್ದಾರೆ. ಕಣ್ಣು ಮಂಜಾಗಿ ಕೆಲಸ ಬಹುತೇಕ ಬಿಟ್ಟಿದ್ದಾರೆ. ಮುಚ್ಚಳ ತೆರೆದೊಡನೆ 1991ರ ಬರಹ ತೋರಿಸಿ, “ಇದು ನನ್ನ ಅಕ್ಷರ” ಅಂದರು.

ಅವರು ಮೊದಲು ಮಾಡಿದ ಪರೀಕ್ಷೆಗೆ ಯಾವ ಉಪಕರಣವೂ ಬೇಕಾಗಲಿಲ್ಲ. ಮೈಕಿನ ವೈರು ಕಿತ್ತರು, ವಾಲ್ಯೂಮ್ ಸೊನ್ನೆಗೆ ತಿರುವಿದರು. ಗುಂಯ್ ಹಾಗೇ ಇತ್ತು. “ವಾಲ್ಯೂಮ್ ಜೋಡಿ ಗುಂಯ್ ಏರಿಳಿದ್ರ ಮೈಕಿನ ವೈರು ನೋಡು, ಅರ್ಥಿಂಗ್ ನೋಡು. ಸೊನ್ನಿಗೆ ಇಟ್ರೂ ಬಿಡದಿದ್ರ ಸಪ್ಲೈ ನೋಡು” ಅಂದರು. ನಾನು ಮೊಬೈಲಿನ ಟ್ಯೂನರ್ ಆ್ಯಪ್ ಹಿಡಿದೆ. 100 ಹರ್ಟ್ಸ್ ಆಸುಪಾಸು ತೋರಿಸಿತು. ಅದು ನನಗೆ ಓದಿನಿಂದ ಗೊತ್ತಿದ್ದ ಸಂಖ್ಯೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಏರಿ ಇಳಿಯುತ್ತದೆ. ನಾಲ್ಕು ಡಯೋಡಿನ ಸೇತುವೆ ಅದರ ಕೆಳಗಿನ ಅರ್ಧವನ್ನೂ ಮೇಲಕ್ಕೆ ಮಡಚುತ್ತದೆ. ಹಾಗಾಗಿ ಸೆಕೆಂಡಿಗೆ 100 ಉಬ್ಬುಗಳು. ಆ ಉಬ್ಬುಗಳನ್ನು ತಟ್ಟಿ ಸಮ ಮಾಡಬೇಕಾದ ಕೆಪಾಸಿಟರ್ ಸೋತರೆ ಅವೇ ಸ್ಪೀಕರಿಗೆ ಬಂದು ಗುಂಯ್ ಅನ್ನುತ್ತವೆ.

ಒಣಗುವ ಟಾಕಿ

ಅಂಗಡಿಯಲ್ಲಿ ಕೆಪಾಸಿಟರ್ ಎಂದರೆ ಒಮ್ಮೊಮ್ಮೆ ತಿಳಿಯುವುದಿಲ್ಲ, ‘ಕಂಡೆನ್ಸರ್’ ಎಂದರೆ ಕೂಡಲೇ ತಿಳಿಯುತ್ತದೆ. ಕಾಕಾ ಅದನ್ನು ಮನೆಯ ಮೇಲಿನ ನೀರಿನ ಟಾಕಿಗೆ ಹೋಲಿಸಿದರು. ಪಂಪು ಆಗಾಗ ನೀರು ತಳ್ಳುತ್ತದೆ, ನಲ್ಲಿಯಲ್ಲಿ ಮಾತ್ರ ನೀರು ಒಂದೇ ಸಮ ಬರಬೇಕು. ನಡುವಿನ ಟಾಕಿ ದೊಡ್ಡದಿದ್ದರೆ ಪಂಪು ನಿಂತ ಹೊತ್ತಿನಲ್ಲೂ ನಲ್ಲಿ ಸೊರಗುವುದಿಲ್ಲ. “ಈ ಟಾಕಿ ಹೊರಗ ಚಂದ ಐತಿ. ಒಳಗ ಒಣಗೈತಿ.”

‘ಒಣಗೈತಿ’ ಎಂಬುದು ಬರೀ ಮಾತಲ್ಲ. ಎಲೆಕ್ಟ್ರೋಲೈಟಿಕ್ ಕೆಪಾಸಿಟರಿನ ಒಳಗೆ ಎರಡು ಅಲ್ಯೂಮಿನಿಯಂ ಹಾಳೆಗಳು, ನಡುವೆ ದ್ರವದಲ್ಲಿ ನೆನೆಸಿದ ಕಾಗದ, ಎಲ್ಲವನ್ನೂ ಸುರುಳಿ ಸುತ್ತಿ ಡಬ್ಬಿಯಲ್ಲಿ ತುಂಬಿರುತ್ತಾರೆ. ಒಂದು ಹಾಳೆಯ ಮೇಲೆ ಬೆಳೆಸಿದ ಅಲ್ಯೂಮಿನಿಯಂ ಆಕ್ಸೈಡಿನ ಪೊರೆಯೇ ನಿಜವಾದ ಗೋಡೆ. ಆ ಪೊರೆಯ ದಪ್ಪ ವೋಲ್ಟಿಗೆ ಒಂದೂವರೆ ನ್ಯಾನೋಮೀಟರಿನ ಆಸುಪಾಸು. ಅಂದರೆ 63 ವೋಲ್ಟಿನ ಕೆಪಾಸಿಟರಿನಲ್ಲಿ ಸುಮಾರು ನೂರು ನ್ಯಾನೋಮೀಟರ್. ನಮ್ಮ ತಲೆಗೂದಲು ಅದಕ್ಕಿಂತ ಐನೂರು ಪಟ್ಟು ದಪ್ಪ. ಗೋಡೆ ಅಷ್ಟು ತೆಳುವಾಗಿರುವುದರಿಂದಲೇ ಮುಷ್ಟಿಯಷ್ಟು ಡಬ್ಬಿಯಲ್ಲಿ ಅಷ್ಟೊಂದು ವಿದ್ಯುತ್ ಹಿಡಿಯುತ್ತದೆ. ಪೋಲೆಂಡ್ ಮೂಲದ ಕರೋಲ್ ಪೊಲಾಕ್ ಈ ಬಗೆಯ ಕೆಪಾಸಿಟರಿಗೆ ಪೇಟೆಂಟ್ ಪಡೆಯಲು ಮುಂದಾದದ್ದು 1896ರಲ್ಲಿ. ಸೆಮಿಕಂಡಕ್ಟರ್ ಚಿಪ್ಪುಗಳು ಎಷ್ಟೋ ತಲೆಮಾರು ಬದಲಾದರೂ ಈ ಡಬ್ಬಿಯ ಮೂಲ ವಿಚಾರ ಇಂದಿಗೂ ಅದೇ.

ಅದರ ದೌರ್ಬಲ್ಯವೂ ಅದೇ. ಬುಡದ ರಬ್ಬರ್ ಬಿರಡೆಯ ಮೂಲಕ ದ್ರವ ವರ್ಷಾನುಗಟ್ಟಲೆ ನಿಧಾನವಾಗಿ ಆವಿಯಾಗುತ್ತದೆ. ದ್ರವ ಕಡಿಮೆಯಾದಂತೆ ಧಾರಣಶಕ್ತಿ ಕುಗ್ಗುತ್ತದೆ, ಒಳರೋಧ ಹೆಚ್ಚುತ್ತದೆ, ಹೆಚ್ಚಿದ ಒಳರೋಧದಿಂದ ಬಿಸಿ ಏರುತ್ತದೆ, ಬಿಸಿಗೆ ದ್ರವ ಇನ್ನಷ್ಟು ಬೇಗ ಆರುತ್ತದೆ. ಎಂಜಿನಿಯರುಗಳು ಬಳಸುವ ಅಂದಾಜು ಲೆಕ್ಕ ಹೀಗಿದೆ: ಕೆಪಾಸಿಟರಿನ ಬಿಸಿ 10 ಡಿಗ್ರಿ ಇಳಿದರೆ ಆಯುಷ್ಯ ಎರಡು ಪಟ್ಟು, 10 ಡಿಗ್ರಿ ಏರಿದರೆ ಅರ್ಧ. 85 ಡಿಗ್ರಿಯಲ್ಲಿ 2000 ಗಂಟೆ ಬಾಳಿಕೆ ಎಂದು ಹೇಳಿದ ಕೆಪಾಸಿಟರ್ 65 ಡಿಗ್ರಿಯಲ್ಲಿ ಸುಮಾರು 8000 ಗಂಟೆ ಬಾಳುತ್ತದೆ. 105 ಡಿಗ್ರಿಯಲ್ಲಿ 2000 ಗಂಟೆ ಎಂದಿರುವುದು ಅದೇ 65ರಲ್ಲಿ 32,000 ಗಂಟೆ. ನಮ್ಮ ಕಡೆ ಬೇಸಿಗೆಯಲ್ಲಿ ನೆರಳಲ್ಲೇ 40 ದಾಟುತ್ತದೆ. ತಗಡಿನ ಶೆಡ್ಡಿನಲ್ಲಿ, ಬಿಸಿಯಾದ ಟ್ರಾನ್ಸ್‌ಫಾರ್ಮರಿನ ಪಕ್ಕ ಕುಳಿತ ಡಬ್ಬಿಯ ಪಾಡು ಏನಾಗಿರಬೇಡ! ಅದು ಇಷ್ಟು ವರ್ಷ ಬಾಳಿದ್ದೇ ದೊಡ್ಡದು.

ಕಾಕಾ ತಮ್ಮ ಮೀಟರನ್ನು ಎ.ಸಿ.ಗೆ ಇಟ್ಟು ನೀಲಿ ಡಬ್ಬಿಯ ಎರಡು ತುದಿಗೆ ಹಿಡಿದರು. ಡಿ.ಸಿ. 42 ವೋಲ್ಟಿನ ಮೇಲೆ ಅರ್ಧ ವೋಲ್ಟಿಗೂ ಹೆಚ್ಚು ಎ.ಸಿ. ಕುಣಿಯುತ್ತಿತ್ತು. ಅದೂ ಯಾರೂ ಹಾಡದೆ ಸುಮ್ಮನಿದ್ದಾಗ. (ಪೇಟೆಯಲ್ಲಿ ಸಿಗುವ ತೀರಾ ಅಗ್ಗದ ಮೀಟರಿನಲ್ಲಿ ಎ.ಸಿ. ರೇಂಜು 200 ವೋಲ್ಟಿನಿಂದ ಶುರುವಾಗುತ್ತದೆ. ಅದರಲ್ಲಿ ಇಷ್ಟು ಸಣ್ಣದು ಸರಿಯಾಗಿ ಕಾಣುವುದಿಲ್ಲ.) ನಂತರ ಡಬ್ಬಿಯನ್ನು ಬಿಚ್ಚಿ ಕಾಲೇಜಿಗೆ ಒಯ್ದು, ಲ್ಯಾಬಿನ ಎಲ್‌ಸಿಆರ್ ಮೀಟರಿನಲ್ಲಿ ಅಳೆದೆ. 4700 ಇರಬೇಕಾದಲ್ಲಿ 610. ಪರೀಕ್ಷೆಯಲ್ಲಿ ಬರೆದಿದ್ದ ಸೂತ್ರ ಆಗ ನೆನಪಾಯಿತು. ಎಳೆಯುವ ಕರೆಂಟನ್ನು, ಸೆಕೆಂಡಿನ ಉಬ್ಬುಗಳ ಸಂಖ್ಯೆ ಮತ್ತು ಕೆಪಾಸಿಟರಿನ ಬೆಲೆಯ ಗುಣಲಬ್ಧದಿಂದ ಭಾಗಿಸಿದರೆ ಎಷ್ಟು ವೋಲ್ಟ್ ಏರಿಳಿತ ಎಂದು ಸಿಗುತ್ತದೆ. ಜೋರು ದನಿಗೆ ಮಷಿನ್ನು ಒಂದೂವರೆ ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. 4700ಕ್ಕೆ ಏರಿಳಿತ ಸುಮಾರು 3 ವೋಲ್ಟ್. 610ಕ್ಕೆ ಲೆಕ್ಕ ಹಾಕಿದರೆ 25ರ ಹತ್ತಿರ ಬರುತ್ತದೆ. ಅಂದರೆ 42 ವೋಲ್ಟಿನ ಸಪ್ಲೈ ಸೆಕೆಂಡಿಗೆ ನೂರು ಸಲ ಕುಸಿಯುತ್ತಿದೆ. ಭಜನೆಯಲ್ಲಿ ದನಿ ಏರಿಸಿದಾಗ ಸ್ವರ ಹರಿಯುತ್ತಿದ್ದದ್ದು ಇದಕ್ಕೇ. ಹತ್ತು ಅಂಕದ ಉತ್ತರ ನನಗೆ ನಿಜವಾಗಿ ಅರ್ಥವಾದದ್ದು ಅವತ್ತು.

ಹೊಟ್ಟೆಯೊಳಗೊಂದು ಮರಿ

ಬಿಚ್ಚುವ ಕೆಲಸದಲ್ಲೂ ಪಾಠವಿತ್ತು. ಪ್ಲಗ್ ಕಿತ್ತ ಮಾತ್ರಕ್ಕೆ ಕೆಪಾಸಿಟರ್ ಖಾಲಿಯಾಗುವುದಿಲ್ಲ. 42 ವೋಲ್ಟಿಗೆ ತುಂಬಿದ ಪೂರ್ಣ 4700 ಮೈಕ್ರೋಫ್ಯಾರಡಿನಲ್ಲಿ 4 ಜೂಲಿನಷ್ಟು ಶಕ್ತಿ ಇರುತ್ತದೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ‘ಚಟ್’ ಅನ್ನಿಸುವುದು ಹಲವರ ರೂಢಿ. ಕಿಡಿ ಹಾರಿ ತುದಿ ಕರಗುತ್ತದೆ, ಕೆಪಾಸಿಟರಿಗೂ ಏಟು. ಕಾಕಾ ಬಳಿ ಎರಡು ವೈರು ಬೆಸೆದ 470 ಓಮಿನ 10 ವ್ಯಾಟ್ ರೆಸಿಸ್ಟರ್ ಇದೆ. ಅದನ್ನು ಹಿಡಿದು ಹನ್ನೆರಡು ಸೆಕೆಂಡ್ ಎಣಿಸಿದರೆ ಖಾಲಿ. ಆಮೇಲೂ ಮೀಟರ್ ಹಿಡಿದು ನೋಡಬೇಕು. ಕೆಲವು ನಿಮಿಷದಲ್ಲಿ ಒಳಗಿನಿಂದ ಒಂದಷ್ಟು ವೋಲ್ಟ್ ಮತ್ತೆ ಮೇಲೆ ಬರುತ್ತದೆ. ಇದು ಟ್ರಾನ್ಸಿಸ್ಟರ್ ಮಷಿನ್ನಿನ ಮಾತು. ಹಳೆಯ ವಾಲ್ವ್ ಸೆಟ್ಟುಗಳಲ್ಲಿ 300-400 ವೋಲ್ಟ್ ಇರುತ್ತದೆ. ಅದು ಜೀವ ತೆಗೆಯಬಲ್ಲದು. ಗೊತ್ತಿದ್ದವರು ಪಕ್ಕದಲ್ಲಿಲ್ಲದೆ ಅವುಗಳ ಮುಚ್ಚಳ ತೆರೆಯಲೇಬಾರದು.

ಫ್ಯೂಸ್ ನೋಡಿದರೆ ಅಲ್ಲಿ ಫ್ಯೂಸೇ ಇರಲಿಲ್ಲ. ಯಾರೋ ತಾಮ್ರದ ಎಳೆ ಸುತ್ತಿದ್ದರು. “ಯಾರ್ರಿ ಕಾಕಾ ಇದು?” ಎಂದರೆ, “ಬನಶಂಕರಿ ಜಾತ್ರ್ಯಾಗ ಆಟ ನಡು ನಿಂತ್ರ ನಿಮ್ಮಜ್ಜ ಮತ್ತೇನ್ ಮಾಡ್ತಾನ?” ಎಂದು ನಕ್ಕರು. ನಕ್ಕ ಮೇಲೆ ಅದನ್ನು ಕಿತ್ತು ಸರಿಯಾದ ಫ್ಯೂಸ್ ಹಾಕಿಸಿದರು.

ನಾನು ಜಾಣತನ ತೋರಿಸಲು, “4700ರ ಬದಲು 22,000 ಹಾಕೋಣೇನ್ರಿ? ಇನ್ನೂ ಚೊಲೋ ಆಗತೈತಲ್ಲ?” ಎಂದು ಕೇಳಿದೆ. ಕಾಕಾ ತಲೆ ಅಲ್ಲಾಡಿಸಿದರು. ಟಾಕಿ ಎಷ್ಟು ದೊಡ್ಡದೋ ಅದನ್ನು ತುಂಬುವ ಹೊತ್ತಿಗೆ ಪಂಪಿನ ಮೇಲೆ ಅಷ್ಟು ಭಾರ. ಸ್ವಿಚ್ ಹಾಕಿದೊಡನೆ ಖಾಲಿ ಕೆಪಾಸಿಟರ್ ಒಮ್ಮೆಲೇ ಕರೆಂಟು ನುಂಗುತ್ತದೆ. ಆಮೇಲೂ ಪ್ರತಿ ಉಬ್ಬಿನ ತುದಿಯಲ್ಲಿ ಚಿಕ್ಕ ಅವಧಿಗೆ ದೊಡ್ಡ ಕರೆಂಟು ಎಳೆಯುತ್ತದೆ. ಹಳೆಯ 3 ಆಂಪಿಯರ್ ಡಯೋಡು, ಹಳೆಯ ಟ್ರಾನ್ಸ್‌ಫಾರ್ಮರು ಅದಕ್ಕೆ ಬಲಿ. ಬೆಲೆ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ತುಸು ಹೆಚ್ಚು ಇರಲಿ, ಡಿಗ್ರಿ ಮಾತ್ರ 105 ಇರಲಿ. ಇಷ್ಟೇ ನಿಯಮ.

ಮೊದಲ ಖರೀದಿಯಲ್ಲಿ ಮೋಸ ಹೋದೆ. ಒಂದು ಅಂಗಡಿಯಲ್ಲಿ 45 ರೂಪಾಯಿಗೆ ‘4700, 63 ವೋಲ್ಟ್’ ಸಿಕ್ಕಿತು. ಹೊಳೆಯುವ ಕವಚ, ಹೆಸರುವಾಸಿ ಕಂಪನಿಯನ್ನು ಹೋಲುವ ಅಕ್ಷರ. ಕೈಯಲ್ಲಿ ಹಿಡಿದರೆ ಹಗುರ. ಲ್ಯಾಬಿನಲ್ಲಿ ಅಳೆದರೆ 1900. ಇಂಥ ಕೆಪಾಸಿಟರಿಗೆ ಶೇ 20ರಷ್ಟು ಹೆಚ್ಚುಕಡಿಮೆ ಮಾಮೂಲು. ಅಂದರೆ 3760ರಿಂದ 5640ರ ನಡುವೆ ಏನಿದ್ದರೂ ಒಪ್ಪಬಹುದು. 1900 ಒಪ್ಪುವಂಥದ್ದಲ್ಲ. ಖಾಲಿ ಮಾಡಿ, ಗರಗಸದಿಂದ ಜಾಗ್ರತೆಯಾಗಿ ಕೊಯ್ದು ನೋಡಿದರೆ ದೊಡ್ಡ ಡಬ್ಬಿಯೊಳಗೆ ಸಣ್ಣ ಡಬ್ಬಿಯೊಂದು ಮರಿಯಂತೆ ಮಲಗಿತ್ತು! ಕೊನೆಗೆ ಹಾಸ್ಟೆಲಿನ ಸೀನಿಯರ್ ಒಬ್ಬರು ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಒಳ್ಳೆಯ ಕಂಪನಿಯದನ್ನು 140 ರೂಪಾಯಿಗೆ ತಂದುಕೊಟ್ಟರು. ಅಳೆದೆ: 4560. ಜೊತೆಗೆ ಔಟ್‌ಪುಟ್ ಬೋರ್ಡಿನ ಬಳಿಯ 1000 ಮೈಕ್ರೋಫ್ಯಾರಡಿಗೆ ಬದಲಿ ಎರಡು, ಸಣ್ಣಪುಟ್ಟವು ಐದಾರು. ಪಾಲಿಯೆಸ್ಟರ್, ಮೈಕಾ ಕೆಪಾಸಿಟರುಗಳಲ್ಲಿ ಒಣಗುವ ದ್ರವವೇ ಇಲ್ಲ. ಕೆಡದಿದ್ದರೆ ಅವುಗಳನ್ನು ಮುಟ್ಟಬೇಕಿಲ್ಲ.

ಆರದೇ ಉಳಿದ ಬಲ್ಬು

ಮತ್ತೆ ಬಸ್ಸು, ಅಮೀನಗಡ ದಾಟಿ ಹುನಗುಂದ, ಅಲ್ಲಿಂದ ಇಳಕಲ್. ಹಳೆಯ ಡಬ್ಬಿಗಿಂತ ಹೊಸದು ಸಣ್ಣದು. ಬಿಗಿಯುವ ಪಟ್ಟಿ ಸಡಿಲವಾಯಿತು. ಸೈಕಲ್ ಟ್ಯೂಬಿನ ತುಂಡು ಸುತ್ತಿ ಕೂರಿಸಿದೆವು. ನನ್ನ 25 ವ್ಯಾಟಿನ ಸೋಲ್ಡರಿಂಗ್ ಐರನ್ನಿಗೆ ದಪ್ಪ ವೈರಿನ ಸೋಲ್ಡರ್ ಕರಗಲಿಲ್ಲ. ಕಾಕಾರ 60 ವ್ಯಾಟಿನದು ಬೇಕಾಯಿತು. ಅವರಿಗೆ ಕಣ್ಣು ಮಂಜು, ನನಗೆ ಕೈ ನಡುಕ. ಅವರು ಹೇಳಿದರು, ನಾನು ಮಾಡಿದೆ.

ಎಲ್ಲ ಮುಗಿಯಿತು ಎಂದು ಪ್ಲಗ್ ಹಿಡಿದಾಗ ಕಾಕಾ ಕೈ ಅಡ್ಡ ಹಿಡಿದರು. “ಸೀರೀಸ್ ಬೋರ್ಡ್ ತಗೋ.” ಹಲಗೆಗೆ ಒಂದು ಹೋಲ್ಡರು, ಒಂದು ಸಾಕೆಟ್ಟು. ಕರೆಂಟು ಬಲ್ಬಿನ ಮೂಲಕವೇ ಹಾದು ಮಷಿನ್ನಿಗೆ ಹೋಗಬೇಕು. ಒಳಗೆ ಶಾರ್ಟ್ ಇದ್ದರೆ ಬಲ್ಬು ಉರಿದು ಕರೆಂಟನ್ನು ತಡೆಯುತ್ತದೆ, ಮಷಿನ್ನು ಉಳಿಯುತ್ತದೆ. ಆದರೆ ಅವರ ಹಳೆಯ 100 ವ್ಯಾಟ್ ಬಲ್ಬು ಒಡೆದಿತ್ತು. ಎಲ್‌ಇಡಿ ಬಲ್ಬು ಇದಕ್ಕೆ ಬಾರದು. ಅದರ ಒಳಗೆ ತನ್ನದೇ ಸರ್ಕ್ಯೂಟ್ ಇರುತ್ತದೆ, ತಂತಿಯ ಬಲ್ಬಿನ ಹಾಗೆ ನಡೆದುಕೊಳ್ಳುವುದಿಲ್ಲ. ಮೂರು ಅಂಗಡಿ ಸುತ್ತಿದೆ, ತಂತಿ ಬಲ್ಬು ಎಲ್ಲೂ ಇಲ್ಲ. “ಇರಲಿ ಬಿಡ್ರಿ ಕಾಕಾ, ಎಲ್ಲಾ ಸರಿ ಐತಿ, ನೇರ ಹಾಕೂಣ” ಅಂದೆ. ಅವರು ಒಪ್ಪಲಿಲ್ಲ. ಕೊನೆಗೆ ಸಿಕ್ಕಿದ್ದು ಊರ ಹೊರಗಿನ ಕೋಳಿ ಫಾರಂನಲ್ಲಿ. ಮರಿಗಳಿಗೆ ಶಾಖ ಕೊಡಲು ಇಟ್ಟಿದ್ದ ಬಲ್ಬಿನಲ್ಲಿ ಒಂದನ್ನು ಬೇಡಿ ತಂದೆ. ಮನಸ್ಸಿನಲ್ಲಿ, ಈ ಮುದುಕರ ಹಟಕ್ಕೆ ಅರ್ಧ ದಿನ ಹೋಯಿತಲ್ಲ ಎಂಬ ಸಿಟ್ಟಿತ್ತು.

ಸ್ವಿಚ್ ಹಾಕಿದೆ. ಬಲ್ಬು ಝಗ್ಗನೆ ಹತ್ತಿತು. ಕೆಪಾಸಿಟರ್ ತುಂಬುವಾಗ ಅದು ಸಹಜ, ಒಂದೆರಡು ಕ್ಷಣದಲ್ಲಿ ಮಂಕಾಗಬೇಕು. ಆಗಲಿಲ್ಲ. ಉರಿಯುತ್ತಲೇ ಇತ್ತು. “ಬಂದ್ ಮಾಡು!” ಕಾಕಾ ಕೂಗಿದರು.

ಖಾಲಿ ಮಾಡಿ, ಅಳೆದು, ಹುಡುಕಿದೆವು. ತಪ್ಪು ನನ್ನದೇ. ಬೋರ್ಡಿನ ಮೇಲೆ ಹಳೆಯ ಕಾಲದವರು ಪ್ಲಸ್ ತುದಿಗೆ ಗುರುತು ಮಾಡಿದ್ದರು. ಈಗಿನ ಕೆಪಾಸಿಟರಿನ ಮೈಮೇಲಿನ ಪಟ್ಟೆ ಮೈನಸ್ ತುದಿಯನ್ನು ತೋರಿಸುತ್ತದೆ. ನಾನು ಗುರುತಿಗೆ ಗುರುತು ಜೋಡಿಸಿ, 42 ವೋಲ್ಟಿನ ಲೈನಿನ ಮೇಲಿದ್ದ 1000 ಮೈಕ್ರೋಫ್ಯಾರಡನ್ನು ತಲೆಕೆಳಗು ಹಾಕಿದ್ದೆ. ಎಲೆಕ್ಟ್ರೋಲೈಟಿಕ್ ಕೆಪಾಸಿಟರಿಗೆ ಉಲ್ಟಾ ವೋಲ್ಟ್ ಕೊಟ್ಟರೆ ಪೊರೆ ಹಾಳಾಗುತ್ತದೆ, ಕರೆಂಟು ನುಗ್ಗುತ್ತದೆ, ದ್ರವ ಕುದಿದು ಅನಿಲವಾಗುತ್ತದೆ, ಡಬ್ಬಿ ಸಿಡಿಯುತ್ತದೆ. ನಾನು ಆಗ ಸೋಲ್ಡರ್ ನೋಡಲು ಮುಖವನ್ನು ಪೆಟ್ಟಿಗೆಯ ಮೇಲೆಯೇ ಬಗ್ಗಿಸಿದ್ದೆ. ಕನ್ನಡಕವೂ ಇರಲಿಲ್ಲ. ಕೋಳಿಮರಿಗಳ ಆ ಬಲ್ಬು ಇಲ್ಲದಿದ್ದರೆ ಈ ಲೇಖನದ ವಿಷಯವೇ ಬೇರೆಯಾಗಿರುತ್ತಿತ್ತು.

ಕಾಕಾ ಬಯ್ಯಲಿಲ್ಲ. “ನಂದೂ ಒಮ್ಮೆ ಸಿಡಿದೈತಿ” ಎಂದು ಹುಬ್ಬಿನ ಮೇಲಿನ ಕಲೆ ಮುಟ್ಟಿ ತೋರಿಸಿದರು. ಉಲ್ಟಾ ಹಾಕಿದ ಕೆಪಾಸಿಟರ್ ನೋಡಲು ಚೆನ್ನಾಗಿದ್ದರೂ ಮತ್ತೆ ಬಳಸಬಾರದು. ಎರಡು ತಂದಿದ್ದು ಒಳ್ಳೆಯದೇ ಆಯಿತು. ಎರಡನೆಯದನ್ನು ಮೀಟರಿನಲ್ಲಿ ಪ್ಲಸ್-ಮೈನಸ್ ಎರಡು ಸಲ ನೋಡಿ ಹಾಕಿದೆ. ಸ್ವಿಚ್. ಬಲ್ಬು ಝಗ್ಗೆಂದು ಹತ್ತಿ, ನಿಧಾನಕ್ಕೆ ಮಂಕಾಗಿ, ಕೆಂಪು ಎಳೆಯಷ್ಟೇ ಉಳಿಯಿತು. ಮಂಕಾದ ಬಲ್ಬು ನೋಡಿ ಇಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ. ಬಲ್ಬು ತೆಗೆದು ನೇರ ಕರೆಂಟಿನಲ್ಲಿ ಅಳೆದಾಗ ಎ.ಸಿ. ಅಂಶ 0.08 ವೋಲ್ಟಿಗೆ ಇಳಿದಿತ್ತು.

ಸದ್ದಿಲ್ಲದ್ದೇ ಸುದ್ದಿ

ಇಷ್ಟಕ್ಕೆ ಒಟ್ಟು ಖರ್ಚು, ಮೋಸ ಹೋದ 45 ರೂಪಾಯಿ ಸೇರಿ, ಮುನ್ನೂರರ ಒಳಗೆ. ಬಸ್ಸಿನ ಖರ್ಚೇ ಹೆಚ್ಚು. ಕಾಕಾ ಹಣ ಮುಟ್ಟಲಿಲ್ಲ.

ಇದು ಹಳೆಯ ಪೆಟ್ಟಿಗೆಯೊಂದರ ಕಥೆ ಮಾತ್ರ ಅಲ್ಲ ಎಂದು ಆಮೇಲೆ ಅನ್ನಿಸಿತು. ಎರಡು ಸಾವಿರದ ದಶಕದ ಆರಂಭದಲ್ಲಿ ಜಗತ್ತಿನಾದ್ಯಂತ ಕಂಪ್ಯೂಟರ್ ಮದರ್‌ಬೋರ್ಡುಗಳು ಅಕಾಲದಲ್ಲಿ ಸತ್ತವು. ಕಾರಣ, ಎಲೆಕ್ಟ್ರೋಲೈಟ್ ಸರಿಯಿಲ್ಲದ ಕೆಪಾಸಿಟರುಗಳು ಉಬ್ಬಿ ಸೋರಿದ್ದು. ಟಿ.ವಿ.ಯ ಪವರ್ ಸಪ್ಲೈ, ಇನ್ವರ್ಟರ್, ಮೋಟರ್ ಡ್ರೈವ್, ಎಲ್‌ಇಡಿ ಬಲ್ಬಿನ ಡ್ರೈವರ್, ಇವೆಲ್ಲ ಕೆಟ್ಟಾಗ ಅನುಭವಿಗಳು ಮೊದಲು ನೋಡುವ ಜಾಗಗಳಲ್ಲಿ ಈ ಡಬ್ಬಿಯೂ ಒಂದು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ‘ರಿಪೇರಿಯ ಹಕ್ಕು’ ಪೋರ್ಟಲ್ ಆರಂಭಿಸಿತು. ಹಕ್ಕು ಇದ್ದರೆ ಸಾಲದು, ಬಿಚ್ಚಿ ನೋಡುವ ಕೈಯೂ ಬೇಕು. ಅಂಥ ಕೈಗಳು ನಮ್ಮ ಊರುಗಳಲ್ಲಿ ಕಣ್ಣು ಮಂಜಾಗಿ ಅಂಗಡಿ ಮುಚ್ಚುತ್ತಿವೆ. ಪಕ್ಕದಲ್ಲೇ ನಾವು ಸರ್ಟಿಫಿಕೇಟ್ ಹಿಡಿದು, ‘ಕೋರ್ ಕಂಪನಿಯಲ್ಲಿ ಕೆಲಸವಿಲ್ಲ’ ಎಂದು ಕುಳಿತಿದ್ದೇವೆ. ರಿಪೇರಿ ಕಲಿತರೆ ಕೆಲಸ ಸಿಕ್ಕೇ ಸಿಗುತ್ತದೆ ಎಂದು ನಾನು ಹೇಳಲಾರೆ, ನನಗಿನ್ನೂ ಸಿಕ್ಕಿಲ್ಲ. ಆದರೆ ಮುಂದಿನ ಸಂದರ್ಶನದಲ್ಲಿ ಯಾರಾದರೂ ಫಿಲ್ಟರ್ ಕೆಪಾಸಿಟರ್ ಬಗ್ಗೆ ಕೇಳಿದರೆ ನಾನು ಪುಸ್ತಕದಿಂದ ಉತ್ತರ ಕೊಡಬೇಕಿಲ್ಲ. ರಜೆಯಲ್ಲಿರುವ ಗೆಳೆಯರಿಗೆ ಒಂದೇ ಮಾತು: ನಿಮ್ಮ ಊರಲ್ಲೂ ಒಬ್ಬ ಕಾಕಾ ಇರುತ್ತಾರೆ. ಅವರ ಅಂಗಡಿ ಮುಚ್ಚುವ ಮೊದಲು ಹತ್ತು ದಿನ ಹೋಗಿ ಕುಳಿತುಕೊಳ್ಳಿ.

ಸಂಜೆ ಮಷಿನ್ನನ್ನು ಮನೆಗೆ ತಂದು ಪಡಸಾಲೆಯಲ್ಲಿ ಇಟ್ಟೆ. ಸ್ಪೀಕರ್, ಮೈಕು ಜೋಡಿಸಿ ಸ್ವಿಚ್ ಹಾಕಿದೆ. ಅಜ್ಜ ಗೋಡೆಗೆ ಒರಗಿ ಕುಳಿತಿದ್ದ. ಸ್ವಲ್ಪ ಹೊತ್ತು ಕಾದು, “ಚಾಲೂ ಮಾಡೋ ತಮ್ಮಾ” ಅಂದ.

“ಚಾಲೂ ಐತಿ ಅಜ್ಜಾ.”

ಅವನು ನಂಬಲಿಲ್ಲ. ಎದ್ದು ಬಂದು ಸ್ಪೀಕರಿಗೆ ಕಿವಿ ಇಟ್ಟ. ಆಮೇಲೆ ಪೆಟ್ಟಿಗೆಯ ಮುಂದಿನ ಕೆಂಪು ದೀಪ ನೋಡಿದ. ಮೈಕನ್ನು ಕೈಗೆ ತೆಗೆದುಕೊಂಡು, ಬೆರಳಿನಿಂದ ಎರಡು ಸಲ ತಟ್ಟಿ, ಜಾತ್ರೆಯಲ್ಲಿ ಅನ್ನುತ್ತಿದ್ದ ಹಾಗೆಯೇ ಅಂದ: “ಹಲೋ... ಹಲೋ... ಒಂದು, ಎರಡು, ಮೂರು.” ಓಣಿಯ ಕೊನೆಯ ಮನೆಯವರೂ ಹೊರಗೆ ಬಂದು ನೋಡಿದರು.

ಮುಚ್ಚಳ ಹಾಕುವ ಮೊದಲು ಅಜ್ಜನೇ ಪೆನ್ಸಿಲ್ ತಂದುಕೊಟ್ಟ. 2007ರ ಕೆಳಗೆ ನಾನು ತಾರೀಖು ಬರೆದೆ. ಹೆಸರು ಬರೆಯಲಿಲ್ಲ, ಮೊದಲಿನವರೂ ಬರೆದಿರಲಿಲ್ಲ. ಶ್ರಾವಣದ ಮೊದಲ ಸೋಮವಾರ ಅಮ್ಮ ಫೋನ್ ಮಾಡಿದ್ದಳು. ಮಷಿನ್ನು ಭಜನೆಗೆ ಹೋಗಿದೆಯಂತೆ, ಜೊತೆಗೆ ಅಜ್ಜನೂ.